ಗ್ರೂಪಿನ ಸೂಚನೆ ಫೋಟೊ ಬೇಡ, ಟೈಪ್ ಮಾಡಿ ಕಳಿಸಿ

ಸಂಪಾದಕರಿಗೆ,

ನೀರು ಬಿಡುವ ಹೊತ್ತು, ಕರೆಂಟ್ ಕಡಿತ, ಗ್ರಾಮಸಭೆಯ ದಿನಾಂಕ, ಕಂದಾಯ ಕಟ್ಟುವ ಕಡೇ ದಿನ ಎಲ್ಲವೂ ಈಗ ಎಷ್ಟೋ ಊರು, ಬಡಾವಣೆಗಳಲ್ಲಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ತಿಳಿಯಬೇಕು. ಅದೂ ಲೆಟರ್‌ಹೆಡ್ಡಿನ ಫೋಟೊ ಆಗಿ, ಇಲ್ಲವೇ ಪಿಡಿಎಫ್ ಆಗಿ ಬರುತ್ತದೆ. ಕಣ್ಣು ಕಾಣದವರಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ಕಾಣುವವರಿಗೋ, ಬಂದ ಫೈಲನ್ನೆಲ್ಲ ಯೋಚಿಸದೆ ಒತ್ತುವ ಅಭ್ಯಾಸ ಹಿಡಿದುಬಿಟ್ಟಿದೆ. ಸೂಚನೆಯನ್ನು ನೇರವಾಗಿ ಟೈಪ್ ಮಾಡಿ ಕಳಿಸಿದರೆ ಈ ಎರಡು ತೊಂದರೆಯೂ ಬಹುಮಟ್ಟಿಗೆ ತಪ್ಪುತ್ತವೆ.

ಆಂಡ್ರಾಯ್ಡ್ ಫೋನಿನಲ್ಲಿ ಕಣ್ಣು ಕಾಣದವರಿಗಾಗಿ ಪರದೆಯನ್ನು ಗಟ್ಟಿಯಾಗಿ ಓದುವ ಟಾಕ್‌ಬ್ಯಾಕ್ ಎಂಬ ಸೌಲಭ್ಯವಿದೆ. ಅದು ಟೈಪ್ ಮಾಡಿದ ಕನ್ನಡವನ್ನು ಚೆನ್ನಾಗಿಯೇ ಓದಿ ಹೇಳುತ್ತದೆ. ಫೋಟೊ ಬಂದಾಗ ಮಾತ್ರ ಸಾಮಾನ್ಯವಾಗಿ ಕಳಿಸಿದವರ ಹೆಸರು, ‘ಫೋಟೊ’, ಬಂದ ಸಮಯ ಇಷ್ಟನ್ನೇ ಹೇಳಿ ಸುಮ್ಮನಾಗುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಫೋಟೊನೇ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಪಿಡಿಎಫ್‌ನ ಕಥೆ ಇನ್ನೂ ವಿಚಿತ್ರ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಫೋನು ಅದನ್ನೇ ಓದುತ್ತದೆ. ಪರೀಕ್ಷೆ ಸುಲಭ: ಪಿಡಿಎಫ್‌ನ ಒಂದು ಸಾಲನ್ನು ಕಾಪಿ ಮಾಡಿ ಮೆಸೇಜ್ ಬರೆಯುವ ಜಾಗದಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಅದು ಯುನಿಕೋಡ್, ಅಂದರೆ ಫೋನಿಗೂ ಕನ್ನಡವೆಂದೇ ತಿಳಿಯುವ ಅಕ್ಷರ. ಅರ್ಥವಿಲ್ಲದ ಅಕ್ಷರ ಬಂದರೆ ಫಾಂಟ್ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಬೇಕು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು, ತಪ್ಪುವುದು ಹೆಚ್ಚಾಗಿ ಅಲ್ಲೇ. ಏನೂ ಕಾಪಿ ಆಗದಿದ್ದರೆ ಅದು ಸಾಮಾನ್ಯವಾಗಿ ಬರೀ ಚಿತ್ರ, ಮುಖ್ಯ ವಿಷಯವನ್ನು ಹೊಸದಾಗಿ ಟೈಪ್ ಮಾಡುವುದೇ ವಾಸಿ.

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಇದೇ ಪಾಡು, ಟಾಕ್‌ಬ್ಯಾಕ್ ಅದನ್ನು ಇಂಗ್ಲಿಷ್ ಎಂದುಕೊಂಡು ಉಚ್ಚರಿಸುತ್ತದೆ. ಸಾಲು ಸಾಲು ಎಮೋಜಿ ಹಾಕಿದರೆ ಒಂದೊಂದರ ಹೆಸರನ್ನೂ ಹೇಳಿ ಮುಗಿಸಿದ ಮೇಲೆಯೇ ವಿಷಯಕ್ಕೆ ಬರುತ್ತದೆ. ಅಧ್ಯಕ್ಷರ ವಾಯ್ಸ್ ಮೆಸೇಜ್ ಕಿವಿ ಕೇಳದವರಿಗೆ ಮುಟ್ಟುವುದಿಲ್ಲ, ಅದರ ಕೆಳಗೆ ಎರಡು ಸಾಲು ಬರೆದರೆ ಸಾಕು. ಸಹಿ, ಮೊಹರು ತೋರಿಸಲು ಫೋಟೊ ಬೇಕೇ ಬೇಕು ಎನ್ನುವವರು ಮೊದಲು ಬರಹ ಹಾಕಿ ನಂತರ ಫೋಟೊ ಹಾಕಲಿ. ಬರಹದಲ್ಲಿದ್ದರೆ ವಯಸ್ಸಾದವರು ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು, ತಿಂಗಳ ನಂತರ ಹುಡುಕಿದರೂ ಸಿಗುತ್ತದೆ.

ಇನ್ನು ಸುರಕ್ಷತೆ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್, ಪಿಎಂ ಕಿಸಾನ್ ಹೆಸರಿನಲ್ಲಿ ಗ್ರೂಪುಗಳಿಗೆ ಬರುತ್ತಿರುವ ಎಪಿಕೆ ಫೈಲುಗಳು ಆ್ಯಪ್‌ಗಳು, ಕಾಗದಪತ್ರಗಳಲ್ಲ. ಕಳಿಸುವ ನಂಬರ್ ಅನೇಕ ಸಲ ಪರಿಚಿತರದ್ದೇ ಆಗಿರುತ್ತದೆ, ಏಕೆಂದರೆ ಅವರ ಫೋನು ಆಗಲೇ ಕಳ್ಳರ ಕೈಗೆ ಸಿಕ್ಕಿರುತ್ತದೆ. ಅಂಥ ಆ್ಯಪ್ ಇನ್‌ಸ್ಟಾಲ್ ಆದೊಡನೆ ಸಾಮಾನ್ಯವಾಗಿ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಒಟಿಪಿ ಹೋಗುವುದು ಆ ದಾರಿಯಲ್ಲಿ. ಕೆಲವು ‘ಆ್ಯಕ್ಸೆಸಿಬಿಲಿಟಿ’ (ಅಂಗವಿಕಲರಿಗೆ ನೆರವಾಗುವ ಸೌಲಭ್ಯ) ಅನುಮತಿಯನ್ನೂ ಕೇಳುತ್ತವೆ. ಅದು ಸಿಕ್ಕ ಆ್ಯಪ್ ಪರದೆಯನ್ನು ಓದಬಲ್ಲದು, ನಮ್ಮ ಪರವಾಗಿ ಬಟನ್ ಒತ್ತಬಲ್ಲದು. ಟಾಕ್‌ಬ್ಯಾಕ್ ನಡೆಯುವುದೂ ಇದೇ ಅನುಮತಿಯ ಮೇಲೆ. ಹಾಗಾಗಿ ‘ಆ್ಯಕ್ಸೆಸಿಬಿಲಿಟಿ ಪೂರ್ತಿ ಆಫ್ ಮಾಡಿ’ ಎಂದು ಗ್ರೂಪಿನಲ್ಲಿ ಸಲಹೆ ಕೊಡುವವರು ದಯವಿಟ್ಟು ನಿಲ್ಲಿಸಿ. ಅದರಿಂದ ಕಣ್ಣು ಕಾಣದವರ ಫೋನೇ ಮೂಕವಾಗುತ್ತದೆ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ಪಟ್ಟಿಯಲ್ಲಿ ತಾವು ಹಾಕಿಕೊಳ್ಳದ ಆ್ಯಪ್ ಕಂಡರೆ ಅದೊಂದನ್ನು ಮಾತ್ರ ತೆಗೆಯಬೇಕು.

ಯಾರಾದರೂ ಅಂಥ ಫೈಲ್ ಹಾಕಿಕೊಂಡಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ. ಬೇರೆಯವರ ಫೋನಿನಿಂದ ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ, ತಡೆಹಿಡಿಯುವುದು ಕಷ್ಟ. ಅಡ್ಮಿನ್ ಆದವರು ಆ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಅದನ್ನು ಎಲ್ಲರಿಗೂ ಡಿಲೀಟ್ ಮಾಡಲಿ (ಬೇರೆಯವರ ಮೆಸೇಜನ್ನೂ ಅಡ್ಮಿನ್ ಅಳಿಸಬಹುದು), ಆ ನಂಬರನ್ನು ತಾತ್ಕಾಲಿಕವಾಗಿ ತೆಗೆದು ಅವರಿಗೆ ಸಾಮಾನ್ಯ ಕರೆ ಮಾಡಿ ತಿಳಿಸಲಿ. ‘ನಮ್ಮ ಸೂಚನೆ ಯಾವತ್ತೂ ಬರಹದಲ್ಲೇ ಇರುತ್ತದೆ, ಎಪಿಕೆ ಕಳಿಸುವುದಿಲ್ಲ’ ಎಂಬ ನಿಯಮವಿರುವ ಗ್ರೂಪಿನಲ್ಲಿ ಕಳ್ಳ ಫೈಲು ತಕ್ಷಣ ಎದ್ದು ಕಾಣುತ್ತದೆ.

ಗ್ರೂಪ್ ನಡೆಸುವವರಿಗೆ ಇನ್ನೊಂದು ಮಾತು. ಒಬ್ಬರೇ ಅಡ್ಮಿನ್ ಇದ್ದು ಅವರು ಹೊರಹೋದರೆ ವಾಟ್ಸ್‌ಆ್ಯಪ್ ಸದಸ್ಯರಲ್ಲಿ ಯಾರನ್ನೋ ತಾನೇ ಅಡ್ಮಿನ್ ಮಾಡುತ್ತದೆ. ಮೂವರಾದರೂ ಇರಲಿ, ಒಬ್ಬರು ಮಹಿಳೆಯಿರಲಿ. ಹೊಸಬರು ಸೇರಲು ಅಡ್ಮಿನ್ ಒಪ್ಪಿಗೆ ಬೇಕೆಂಬ ಸೆಟ್ಟಿಂಗ್ ಆನ್ ಇರಲಿ, ಆಹ್ವಾನದ ಲಿಂಕ್ ಹೊರಗೆ ಹರಡಿದ್ದರೆ ರೀಸೆಟ್ ಮಾಡಿ. ಸಾಮಾನ್ಯ ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಹೆಣ್ಣುಮಕ್ಕಳಿಗೆ ಅಪರಿಚಿತರ ಮೆಸೇಜ್ ಶುರುವಾಗುವುದು ಇಲ್ಲಿಂದಲೇ. ಬರೀ ಸೂಚನೆಗಾದರೆ ವಾಟ್ಸ್‌ಆ್ಯಪ್ ಕಮ್ಯುನಿಟಿಯ (ಹಲವು ಗ್ರೂಪುಗಳನ್ನು ಒಟ್ಟುಗೂಡಿಸುವ ಸೌಲಭ್ಯ) ಅನೌನ್ಸ್‌ಮೆಂಟ್ ಗ್ರೂಪ್ ವಾಸಿ, ಅಲ್ಲಿ ಸದಸ್ಯರ ನಂಬರ್ ಉಳಿದ ಸದಸ್ಯರಿಗೆ ಕಾಣುವುದಿಲ್ಲ. ನೀರಿನ ಲೆಕ್ಕ ಕೇಳಿದವರನ್ನು ರಾತ್ರೋರಾತ್ರಿ ತೆಗೆದುಹಾಕುವುದಂತೂ ಅನ್ಯಾಯ. ಊರಿನ ಸೂಚನೆ ಬರುವುದು ಅದೊಂದೇ ಜಾಗದಲ್ಲಾದರೆ, ತೆಗೆದುಹಾಕಿದವರಿಗೆ ನೀರಿನ ಸಮಯವೂ ತಿಳಿಯದಂತಾಗುತ್ತದೆ. ಯಾರನ್ನಾದರೂ ತೆಗೆಯುವುದಿದ್ದರೆ ಇಬ್ಬರು ಅಡ್ಮಿನ್ ಒಪ್ಪಬೇಕು, ಕಾರಣ ಬರೆದು ತಿಳಿಸಬೇಕು, ಎಷ್ಟು ದಿನಕ್ಕೆ ಎಂದೂ ಹೇಳಬೇಕು. ಸದಸ್ಯರು ಹಾಕಿದ ಪೋಸ್ಟಿಗೆ ತಾವು ಜೈಲಿಗೆ ಹೋಗಬೇಕಾದೀತು ಎಂಬ ಭಯದಿಂದ ಎಲ್ಲರ ಬಾಯಿ ಮುಚ್ಚಿಸುವ ಅಡ್ಮಿನ್‌ಗಳೂ ಇದ್ದಾರೆ. ಸದಸ್ಯರ ಪೋಸ್ಟಿಗೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲೇ ಹೇಳಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಂ ಪ್ರಕಾರ ಮಾಹಿತಿ ಎಲ್ಲರಿಗೂ ಎಟುಕುವ ರೂಪದಲ್ಲಿರುವಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ. ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿದೆ. ಜಿಲ್ಲಾ ಪಂಚಾಯ್ತಿಗಳ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು ತಮ್ಮ ವ್ಯಾಪ್ತಿಯ ಪಂಚಾಯ್ತಿಗಳಿಗೆ ಒಂದು ಸುತ್ತೋಲೆ ಹೊರಡಿಸಲಿ: ಗ್ರೂಪಿಗೆ ಹಾಕುವ ಪ್ರತಿ ಸೂಚನೆಯೂ ಯುನಿಕೋಡ್ ಕನ್ನಡದ ಬರಹವಾಗಿರಬೇಕು, ಅದರ ಪ್ರತಿ ನೋಟಿಸ್ ಬೋರ್ಡಿನಲ್ಲೂ ಇರಬೇಕು. ಆ ಸುತ್ತೋಲೆಯೂ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗದಿರಲಿ.

– ಡಿಜಿಟಲ್ ಸಾಕ್ಷರತಾ ತರಬೇತುದಾರರು, ಹಾಸನ