ಮಕ್ಕಳ ಹೆಸರು ಬಿಟ್ಟು ಸಹಿ ಹಾಕಬೇಡಿ

ಗೆಳೆಯಾ,

ನಿನ್ನ ಮೆಸೇಜ್ ಮೂರು ಸಲ ಓದಿದೆ. ನಿನ್ನ ಹೆಂಡತಿ, ನಮ್ಮ ವೈನಿ, ಕೆನಡಾಕ್ಕೆ ಹೋಗುತ್ತೇನೆ ಅನ್ನುತ್ತಿದ್ದಾರೆ, ಏಜೆಂಟ್ ಆರು ಲಕ್ಷ ಕೇಳಿದ್ದಾನೆ, ಫಾರ್ಮಿನಲ್ಲಿ ಮಕ್ಕಳಿಲ್ಲ ಅಂತ ಬರೆಯಿರಿ ಅಂದಿದ್ದಾನೆ. ದುಡ್ಡಿನ ಮಾತು ಆಮೇಲೆ. ಮೊದಲು ಮಕ್ಕಳ ಮಾತು.

ನನಗೂ 2011ರಲ್ಲಿ ಹೀಗೇ ಹೇಳಿದ್ದರು. ಆಗ ಅಲ್ಲಿ ಲಿವ್-ಇನ್ ಕೇರ್‌ಗಿವರ್ ಯೋಜನೆ ಇತ್ತು, ಕೆಲಸ ಕೊಟ್ಟವರ ಮನೆಯಲ್ಲೇ ಇದ್ದು ಮಕ್ಕಳು, ಮುದುಕರನ್ನು ನೋಡಿಕೊಳ್ಳುವ ಕೆಲಸ. ಮಗಳಿಗೆ ನಾಲ್ಕು ವರ್ಷ. "ಕೂಸಿದ್ದವಳನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳಲ್ಲ, ಪಿಆರ್ ಬಂದಮೇಲೆ ಕರೆಸಿಕೊಂಡರಾಯಿತು" ಅಂದ ಏಜೆಂಟ್. ಪಿಆರ್ ಅಂದರೆ ಅಲ್ಲೇ ಕಾಯಂ ಇರುವ ಅನುಮತಿ. ನಾನು ಪೆನ್ನು ಹಿಡಿದು ಕೂತಿದ್ದೆ.

ತಡೆದದ್ದು ಅಪ್ಪ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಮುಳುಗಡೆ ನೋಡಿದವನು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯಲ್ಲಿ ಸರ್ವೇ ಆದಾಗ ನಮ್ಮ ಹಿತ್ತಲಿನ ದನದ ಕೊಟ್ಟಿಗೆ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಆಮೇಲೆ ಸೇರಿಸೋಣ ಅಂದಿದ್ದರಂತೆ. ಕೊಟ್ಟಿಗೆ ನೀರಿಗೆ ಹೋಯಿತು, ಪರಿಹಾರ ಬರಲೇ ಇಲ್ಲ. ನವನಗರಕ್ಕೆ ಬಂದಮೇಲೂ ಆ ಫೈಲು ಹಿಡಿದು ಎಷ್ಟು ವರ್ಷ ಓಡಾಡಿದ, ನೀನೇ ನೋಡಿದ್ದೀಯಲ್ಲ. ಅವತ್ತು ಒಂದೇ ಮಾತು ಹೇಳಿದ: "ಕೊಟ್ಟಿಗಿ ಬರಸಲಿಲ್ಲ, ಹೋತು. ಕೂಸಿನ ಹೆಸರು ಬರಿ."

ಬರೆದೆ. ಆ ಏಜೆಂಟ್ ಬಿಟ್ಟೇಬಿಟ್ಟ. ಇನ್ನೊಬ್ಬನನ್ನು ಹುಡುಕಲು ಎಂಟು ತಿಂಗಳು ಹಿಡಿಯಿತು.

ಅಪ್ಪ ಎಷ್ಟು ಸರಿ ಅಂತ ಅಲ್ಲಿಗೆ ಹೋದಮೇಲೆ ತಿಳಿಯಿತು. ಪಿಆರ್ ಅರ್ಜಿಯಲ್ಲಿ ಗಂಡ, ಮಕ್ಕಳು ಎಲ್ಲರನ್ನೂ ತೋರಿಸಬೇಕು. ಜೊತೆಗೆ ಬರದಿದ್ದರೂ ಅವರ ಮೆಡಿಕಲ್ ತಪಾಸಣೆ ಆಗಬೇಕು. ತೋರಿಸದ ಮಗುವನ್ನು ಮುಂದೆ ಸ್ಪಾನ್ಸರ್ ಮಾಡಿ ಕರೆಸಿಕೊಳ್ಳಲು ಹೊರಟರೆ, ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಸುಳ್ಳು ಹೇಳಿದ್ದು ಸಿಕ್ಕಿಬಿದ್ದರೆ ಐದು ವರ್ಷ ನಿಷೇಧ ಬೇರೆ. ನನ್ನ ಪಕ್ಕದ ಬೀದಿಯಲ್ಲಿ ಫಿಲಿಪೀನ್ಸ್‌ನ ಒಬ್ಬಳಿದ್ದಳು. ಏಜೆಂಟ್ ಮಾತು ಕೇಳಿ ಮಗನನ್ನು ಮುಚ್ಚಿಟ್ಟಿದ್ದಳು. ಹುಟ್ಟುಹಬ್ಬಕ್ಕೆ ಫೋನಿನಲ್ಲೇ ಕೇಕ್ ತೋರಿಸುತ್ತಿದ್ದಳು. ಅವಳ ಬಗ್ಗೆ ಜಾಸ್ತಿ ಬರೆಯಲು ನನ್ನಿಂದ ಆಗದು.

ಕೆಲಸದ ಲೆಕ್ಕವೂ ಹಾಗೇ ಇತ್ತು. ಬಂದ ನಾಲ್ಕು ವರ್ಷದೊಳಗೆ 24 ತಿಂಗಳು, ಇಲ್ಲವೇ 3,900 ಗಂಟೆ ಕೆಲಸ ತೋರಿಸಬೇಕು. ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ರಾತ್ರಿ ಎರಡಕ್ಕೆ ಕರೆದರೂ ಏಳಬೇಕು, ಅದೇ ಮನೆಯಲ್ಲಿ ಇರುವವಳಲ್ವಾ. ಆದರೆ ಆ ರಾತ್ರಿಗಳು ಸಂಬಳದ ಚೀಟಿಯಲ್ಲಿ ಇರಲಿಲ್ಲ. ಚೀಟಿಯಲ್ಲಿ ಇಲ್ಲದ್ದು ಲೆಕ್ಕಕ್ಕೂ ಇಲ್ಲ. ಕೆನಡಾದ ಹೊರಗೆ ಕಳೆದ ದಿನಗಳೂ ಲೆಕ್ಕಕ್ಕಿಲ್ಲ. 2013ರಲ್ಲಿ ಊರಲ್ಲಿ ನಮ್ಮ ಆಯಿ ತೀರಿಕೊಂಡಾಗ ನಾನು ಬರದಿದ್ದದ್ದು ಅದಕ್ಕೇ. ನೀನು ಆಗ ಬೈದಿದ್ದೆ.

2014ರಲ್ಲಿ ಅರ್ಜಿ ಹಾಕಿದೆ. ಮಗಳ ಮೆಡಿಕಲ್‌ಗೆ ಅಪ್ಪ, ನಮ್ಮವರು ಅವಳನ್ನು ಗೋಳಗುಮ್ಮಟ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಕರೆದೊಯ್ದರು. ಕೆನಡಾದವರು ಹೇಳಿದ ಡಾಕ್ಟರ ಹತ್ತಿರವೇ ಆಗಬೇಕು, ನಮ್ಮೂರಿನ ಸರ್ಟಿಫಿಕೇಟ್ ನಡೆಯಲ್ಲ. ಪಿಆರ್ ಕೈಗೆ ಬಂದಾಗ 2017. ಏರ್‌ಪೋರ್ಟಿನಲ್ಲಿ ಹತ್ತು ವರ್ಷದ ಹುಡುಗಿ ತನ್ನ ಅಪ್ಪನ ಹಿಂದೆ ನಿಂತು ನನ್ನನ್ನು ನೋಡಿದಳು. ಹತ್ತಿರ ಬರಲಿಲ್ಲ. ಈಗ ನನಗಿಂತ ಎತ್ತರ ಇದ್ದಾಳೆ, ನನ್ನ ರೊಟ್ಟಿ ದಪ್ಪ ಅಂತ ನಗುತ್ತಾಳೆ.

ಇನ್ನು ಆರು ಲಕ್ಷ. ನಾನು ಹೋಗುವಾಗ ಏಜೆಂಟ್ ಫೀಸು, ವಿಮಾನದ ಟಿಕೆಟ್ ಎರಡೂ ಕೆಲಸ ಕೊಟ್ಟವರೇ ಕಟ್ಟಬೇಕು ಅಂತ ನಿಯಮವಿತ್ತು. ಗೊತ್ತಿಲ್ಲದೆ ಎರಡನ್ನೂ ನಾನೇ ಕಟ್ಟಿದೆ, ಅವ್ವನ ಬಂಗಾರ ಅಡ ಇಟ್ಟು. ಅದೂ ಅಲ್ಲದೆ ನಾನು ಹೋದ ದಾರಿಯೇ ಈಗ ಇಲ್ಲ. ಆ ಯೋಜನೆ 2014ರ ನವೆಂಬರ್ 30ಕ್ಕೆ ಹೊಸಬರಿಗೆ ಮುಚ್ಚಿತು. 2025ರ ಮಾರ್ಚ್ 31ರಂದು ಹೊಸ ಪೈಲಟ್, ಅಂದರೆ ಪ್ರಾಯೋಗಿಕ ಯೋಜನೆ, ತೆರೆದರು, ಅರ್ಜಿಗಳ ಮಿತಿ ಅವತ್ತೇ ತುಂಬಿತು. ಅದೂ ಆಗಲೇ ಕೆನಡಾದಲ್ಲಿ ಇದ್ದವರಿಗೆ ಮಾತ್ರ. ಹೊರಗಿನವರ ಅರ್ಜಿ ತೆಗೆದುಕೊಳ್ಳಲಿಲ್ಲ. ಹಾಗಾದರೆ ಜಮಖಂಡಿಯಲ್ಲಿ ಕೂತ ವೈನಿಗೆ ಇವನು ಯಾವ ಯೋಜನೆಯಲ್ಲಿ 'ಗ್ಯಾರಂಟಿ ಪಿಆರ್' ಕೊಡಿಸುತ್ತಾನೆ? ಅದರ ಹೆಸರು ಕಾಗದದ ಮೇಲೆ ಬರೆದುಕೊಡು ಅಂತ ಕೇಳು.

ನಾನು ಇನ್ನು ಮೂರು ವಾರ ನವನಗರದಲ್ಲೇ ಇರುತ್ತೇನೆ. ರವಿವಾರ ಬಸ್ಸಿಗೆ ಬರುತ್ತೇನೆ. ಅವನು ಕೊಟ್ಟ ಫಾರ್ಮು, ಇಬ್ಬರೂ ಹುಡುಗರ ಜನನ ಪ್ರಮಾಣಪತ್ರ ತೆಗೆದಿಟ್ಟಿರು. ಅಲ್ಲಿಯತನಕ ಸಹಿ ಬೇಡ, ಅಡ್ವಾನ್ಸೂ ಬೇಡ. ಊಟಕ್ಕೆ ಸುಮ್ನೆ ಏನೂ ದೊಡ್ಡದು ಮಾಡಬೇಡಿ, ಝುಣಕ ಸಾಕು.

ನಿನ್ನ ಗೆಳತಿ