ಕುದುರೆ ಲಾಯದಲ್ಲೇ ಇರಲಿ, ವೀರ್ಯ ಬರಲಿ

ಮಾನ್ಯರೇ,

ಹೆಣ್ಣುಕುದುರೆ ಮರಿ ಹಾಕಿದ 5ರಿಂದ 12 ದಿನಗಳೊಳಗೆ ಮತ್ತೆ ಬೆದೆಗೆ ಬರುತ್ತದೆ. ಆ ಬೆದೆ ತಪ್ಪಬಾರದೆಂದರೆ ವಾರದ ಮರಿಯನ್ನೂ ತಾಯಿಯೊಂದಿಗೆ ಲಾರಿಗೆ ಹತ್ತಿಸಿ ದೂರದ ಗಂಡುಕುದುರೆಯ ಬಳಿಗೆ ಒಯ್ಯಬೇಕು. ಒಮ್ಮೆ ನಾನೂ ಹಾಗೆ ಒಯ್ದೆ. ದಾರಿಯುದ್ದಕ್ಕೂ ತಾಯಿ ಬೆವರುತ್ತಲೇ ನಿಂತಿತ್ತು. ಪರಕೀಯ ಲಾಯದಲ್ಲಿ ಮೂರನೇ ದಿನಕ್ಕೆ ಮರಿಗೆ ಜ್ವರ. ಮರಿ ಬದುಕಿತು, ತಾಯಿಗೆ ಗಬ್ಬ ನಿಲ್ಲಲಿಲ್ಲ.

ಮುಂದೆ ಅದೇ ಕುದುರೆಗೆ ಕೃತಕ ಗರ್ಭಧಾರಣೆ ಮಾಡಿಸಿದೆ. ಅಂಡಾಣುವನ್ನು ಹೊತ್ತ ದ್ರವದ ಚೀಲ (ಫಾಲಿಕಲ್) 35 ಮಿಲಿಮೀಟರ್ ದಾಟಿದ್ದನ್ನು ಅಲ್ಟ್ರಾಸೌಂಡ್‌ನಲ್ಲಿ ಕಂಡ ವೈದ್ಯರು, ಅಂಡಾಣು ಹೊರಬರಲೆಂದು ಚುಚ್ಚುಮದ್ದು ಕೊಟ್ಟು, ವೀರ್ಯ ತರಿಸಲು ಹೇಳಿದರು. ಮರುದಿನ ಪೆಟ್ಟಿಗೆ ಬಂತು. ಕೆನೆ ತೆಗೆದ ಹಾಲಿನ ದ್ರಾವಣದಲ್ಲಿ, 5 ಡಿಗ್ರಿ ತಂಪಿನಲ್ಲಿ ವೀರ್ಯ. ಬೆಚ್ಚಗಿನ ಗಾಜಿನ ಮೇಲೆ ಒಂದು ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಲು ಕರೆದರು. ಮಂಕಾಗಿದ್ದ ವೀರ್ಯಾಣುಗಳು ಕಣ್ಣೆದುರೇ ಒಂದೊಂದಾಗಿ ಎಚ್ಚೆತ್ತು ಮುನ್ನುಗ್ಗತೊಡಗಿದವು. ಹದಿನೈದನೇ ದಿನ ಪರದೆಯ ಮೇಲೆ ದುಂಡನೆಯ ಕಪ್ಪು ಬೊಟ್ಟು ಮೂಡಿತ್ತು. ಅಷ್ಟೂ ದಿನ ಕುದುರೆ ತನ್ನ ಲಾಯ ಬಿಟ್ಟು ಕದಲಿರಲಿಲ್ಲ.

ಥರೋಬ್ರೆಡ್ ರೇಸ್ ಕುದುರೆಗಳಲ್ಲಿ ನೇರವಾಗಿ ಕೂಡಿ ಹುಟ್ಟಿದ ಮರಿಗಷ್ಟೇ ನೋಂದಣಿ. ಹಾಗಾಗಿ ಗಂಡುಕುದುರೆಗಳೇ ವಿಮಾನವೇರಿ ಉತ್ತರ ಗೋಳಾರ್ಧದಿಂದ ದಕ್ಷಿಣಕ್ಕೆ ಹೋಗಿಬರುತ್ತವೆ! ಜಿಗಿತದಂತಹ ಸವಾರಿ ಸ್ಪರ್ಧೆಗಳಿಗೆ ಬೆಳೆಸುವ ಯುರೋಪಿನ ವಾರ್ಮ್‌ಬ್ಲಡ್ ತಳಿಗಳಲ್ಲಾದರೋ ಕೃತಕ ಗರ್ಭಧಾರಣೆಯೇ ರೂಢಿ. ಕೃತಕ ಗರ್ಭಧಾರಣೆಗೆ ಈಗಲೂ ಹಿಂದೆಮುಂದೆ ನೋಡುವ ತಳಿ ಸಂಘಗಳು ಈ ವಾರ್ಮ್‌ಬ್ಲಡ್ ತಳಿಗಳತ್ತ ನೋಡಲಿ.

ಒಂದೇ ಗಂಡಿನ ಸಂತತಿ ತಳಿಯನ್ನೆಲ್ಲ ಆವರಿಸೀತೆಂಬ ಭಯ ಸುಳ್ಳಲ್ಲ. ಒಂದು ಬಾರಿಯ ವೀರ್ಯವನ್ನು ಹಲವು ಕುದುರೆಗಳಿಗೆ ಹಂಚಬಹುದಾದ್ದರಿಂದ, ಒಂದು ಗಂಡಿಗೆ ವರ್ಷಕ್ಕೆ ಇಷ್ಟೇ ಮರಿ ಎಂಬ ಮಿತಿ ಬೇಕೇ ಬೇಕು. ತಂದೆ ಯಾರೆಂದು ಖಚಿತವಾಗಲು ಮರಿಯ ಡಿಎನ್ಎ ಪರೀಕ್ಷೆಯೂ ಕಡ್ಡಾಯವಾಗಲಿ. ಕುದುರೆಗಳ ರಕ್ತನಾಳಗಳಿಗೆ ಉರಿಯೂತ ತರುವ ವೈರಲ್ ಆರ್ಟರೈಟಿಸ್‌ನಂತಹ ರೋಗ ವೀರ್ಯದ ಮೂಲಕವೂ ಹರಡುತ್ತದೆ. ರೋಗಪರೀಕ್ಷೆಯಾಗದ ಗಂಡಿನ ವೀರ್ಯವನ್ನು ಯಾರೂ ಕೊಳ್ಳಬಾರದು.

ಇನ್ನೊಂದು ಮಾತು ಗಂಡುಕುದುರೆಯ ಮಾಲೀಕರಿಗೆ. ಕೆಲವು ಕುದುರೆಗಳ ವೀರ್ಯ ತಂಪನ್ನು ತಾಳಿಕೊಳ್ಳುವುದಿಲ್ಲ. ಹಂಗಾಮಿಗೆ ಮುನ್ನ ಒಂದು ಮಾದರಿಯನ್ನು 24 ಗಂಟೆ ತಂಪಿನಲ್ಲಿಟ್ಟು ಪರೀಕ್ಷಿಸಿ, ಫಲಿತಾಂಶ ಹೇಗೇ ಇರಲಿ, ಕೊಳ್ಳುವವರಿಗೆ ತಿಳಿಸಿ. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದ ವೀರ್ಯ ವರ್ಷಗಟ್ಟಲೆ ಉಳಿಯುತ್ತದೆ, ನಿಜ. ಆದರೆ ಕರಗಿಸಿದ ಮೇಲೆ ಅದರ ಆಯಸ್ಸು ಕಡಿಮೆ. ಅಂಡೋತ್ಪತ್ತಿಯ ಗಳಿಗೆ ಹಿಡಿಯಲು ವೈದ್ಯರು ರಾತ್ರಿಯೂ ಲಾಯಕ್ಕೆ ಬರಬೇಕಾಗುತ್ತದೆ. ಹೊಸಬರು ತಂಪು ವೀರ್ಯದಿಂದಲೇ ಆರಂಭಿಸಲಿ.

— ಒಬ್ಬ ಕುದುರೆ ಸಾಕಣೆದಾರ