ಟ್ಯಾಂಕಿಗೆ ಕೆಸರು ಹಚ್ಚಲು ಕಲಿಸಿದ ಹಿರಿಯರಿಗೆ

ಹೋದ ವಾರ ಹಾಬಿ ಅಂಗಡಿಯಲ್ಲಿ ನನ್ನ ಯುದ್ಧ ಟ್ಯಾಂಕ್ ಮಾಡೆಲ್ಲಿನ ಫೋಟೋ ನೋಡಿ ಮಾತಾಡಿಸಿದ ಸರ್, ನಿಮ್ಮ ಹೆಸರು ಕೇಳೋದೇ ಮರೆತೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ವಿರುದ್ಧದ ಬಸಂತರ್ ಕಾಳಗದಲ್ಲಿ ನಮ್ಮ ಸೇನೆಯ ಅರುಣ್ ಖೇತ್ರಪಾಲ್ ಹೋರಾಡಿದ ಸೆಂಚೂರಿಯನ್ ಟ್ಯಾಂಕನ್ನು 1/35 ಅಳತೆಯಲ್ಲಿ (ಅಸಲಿಯ 35ರಲ್ಲಿ ಒಂದು ಪಾಲು) ಮಾಡುತ್ತಿದ್ದೆ. ಬಣ್ಣ ಸರಿಯಾಗಿತ್ತು, ಆದರೂ ಆಟಿಕೆ ಥರ ಕಾಣುತ್ತಿತ್ತು. "ಸೈನಿಕರು ಎಲ್ಲಿ ಕಾಲಿಟ್ಟು ಹತ್ತುತ್ತಾರೆ ಅಂತ ಮೊದಲು ಯೋಚಿಸಿ" ಅಂದಿರಿ. ಎಷ್ಟು ಸರಳ ಮಾತು ಅಲ್ವಾ!

ಮನೆಗೆ ಬಂದು ಸ್ಪಂಜಿನ ಚೂರಿಗೆ ಕಡು ಕಂದು ಬಣ್ಣ ತಾಗಿಸಿ, ಮುಕ್ಕಾಲು ಪಾಲನ್ನು ಪೇಪರಿಗೆ ಒತ್ತಿ ತೆಗೆದು, ಕಾಲು ತಾಗಿ ಬಣ್ಣ ಕಿತ್ತ ಹಾಗೆ ಕಾಣಲಿ ಅಂತ ಹ್ಯಾಚ್ (ಒಳಗಿಳಿಯುವ ಮುಚ್ಚಳ) ಅಂಚಿಗೂ ಫೆಂಡರ್ (ಚೈನಿನ ಮೇಲಿನ ತಗಡು) ಮೂಲೆಗೂ ಮಾತ್ರ ಮೆಲ್ಲಗೆ ಮುಟ್ಟಿಸಿದೆ. ಹೊಳಪಿನ ವಾರ್ನಿಶ್ ಒಣಗಿದ ಮೇಲೆ ತೆಳು ಮಾಡಿದ ಆಯಿಲ್ ಪೇಂಟ್ ತಾಗಿಸಿದರೆ, ಅದು ತಾನಾಗೇ ಬೋಲ್ಟ್ ಸುತ್ತ ಹರಿದು ನಿಂತಿತು. ಕೆಸರು ಕೆಳಗೆ ಜಾಸ್ತಿ, ಮೇಲೆ ಬರೀ ಧೂಳು. ಚೈನು ನೆಲಕ್ಕೆ ಉಜ್ಜುವ ಜಾಗಕ್ಕೆ ನೀವು ಹೇಳಿದ ಹಾಗೆ ಪೆನ್ಸಿಲ್ ಸೀಸ ತಿಕ್ಕಿದೆ. ಉಕ್ಕು ಸವೆದು ಹೊಳೆದ ಹಾಗೇ ಬಂತು!

ಅರ್ಧ ಗಂಟೆ ನಿಂತು ಹೇಳಿಕೊಟ್ಟಿರಿ ಸರ್. ತುಂಬಾ ಥ್ಯಾಂಕ್ಸ್. ಮತ್ತೆ ಸಿಕ್ಕರೆ ಟ್ಯಾಂಕನ್ನೇ ತಂದು ತೋರಿಸುತ್ತೇನೆ.